1930ರ ಬರ್ಲಿನ್ ಕ್ಯಾಬರೆ ಕನ್ನಡ ರಂಗಕ್ಕೆ: ಯಾವುದು ಚರಿತ್ರೆ, ಯಾವುದು ಬ್ರಾಡ್‌ವೇ?

ಕೊನೆಸಾಲು (ಪ್ರಶ್ನೆ)

ನಮಸ್ಕಾರ. ಹವ್ಯಾಸಿ ತಂಡವೊಂದಕ್ಕೆ 45 ನಿಮಿಷದ ಪ್ರಯೋಗ ಬರೀತಾ ಇದ್ದೀವಿ. 1930–33ರ ಬರ್ಲಿನ್‌ನ ಒಂದು ಕ್ಯಾಬರೆ, ಹಾಡು, ಕಿರುಪ್ರಹಸನ, ನಡುನಡುವೆ ಒಬ್ಬ ನಿರೂಪಕ, ಕೊನೆಕೊನೆಗೆ ನಾಜಿಗಳ ನೆರಳು. ನಟರು 9 ಜನ, ವಾದ್ಯ 4, ಹಾಲ್ 250 ಸೀಟಿನದು.

ಗೊಂದಲ ಏನಂದ್ರೆ, ಕ್ಯಾಬರೆ ಅಂದ ಕೂಡಲೇ ನಮ್ಮ ಕಡೆ ಹೆಲೆನ್, ಜ್ಯೋತಿಲಕ್ಷ್ಮಿ ಕಣ್ಮುಂದೆ ಬರ್ತಾರೆ. ತಂಡದ ಅರ್ಧ ಜನ ಅದನ್ನೇ ಹಿಡ್ಕೊಂಡಿದ್ದಾರೆ. ಇನ್ನರ್ಧ ಜನ ನ್ಯೂಯಾರ್ಕ್‌ನ ಬ್ರಾಡ್‌ವೇ ರಂಗಮಂದಿರಗಳಿಂದ ಬಂದ ‘ಕ್ಯಾಬರೆ’ ಅನ್ನೋ ಮ್ಯೂಸಿಕಲ್‌ನ (ಹಾಡುನಾಟಕದ) ವಿಡಿಯೋ ನೋಡಿ ಮುಖಕ್ಕೆ ಬಿಳಿ ಬಳಿದುಕೊಂಡು ಕೂತಿದ್ದಾರೆ. ಕೇಳಬೇಕಾಗಿರೋದು ಇಷ್ಟು:

ಅಸಲಿ ಕ್ಯಾಬರೆ ಹೇಗಿತ್ತು? ಮ್ಯೂಸಿಕಲ್‌ನಲ್ಲಿ ಕಾಣೋದು ಎಷ್ಟು ನಿಜ? ಅದರಲ್ಲಿ ರಂಗದ ಮೇಲೆ ತೂಗುಹಾಕಿ ಪ್ರೇಕ್ಷಕರನ್ನು ತೋರಿಸೋ ಆ ಓರೆ ಕನ್ನಡಿಯನ್ನು ಕಡಿಮೆ ದುಡ್ಡಲ್ಲಿ ಮಾಡಬಹುದಾ? ಯಾವ ಹಾಡುಗಳನ್ನು ಅನುಮತಿ ಇಲ್ಲದೆ ಕನ್ನಡಕ್ಕೆ ತರಬಹುದು?

---

ಹಳೇಪರದೆ

ಮೊದಲು ಒಂದು ತೀರ್ಮಾನ ಮಾಡ್ಕೊಳ್ಳಿ: ನಿಮಗೆ ಯಾವ ಬರ್ಲಿನ್ ಬೇಕು? 1921ರದ್ದೋ, 1931ರದ್ದೋ, 1966ರ ಬ್ರಾಡ್‌ವೇ ಕಟ್ಟಿದ್ದೋ, 1993ರಲ್ಲಿ ಲಂಡನ್ ಕಟ್ಟಿದ್ದೋ? ನಾಲ್ಕೂ ಬೇರೆ ಬೇರೆ. ಒಂದರ ಬಟ್ಟೆ, ಇನ್ನೊಂದರ ಹಾಡು, ಮತ್ತೊಂದರ ಮೇಕಪ್ ಸೇರಿಸಿದರೆ ಕಲಸುಮೇಲೋಗರ ಆಗುತ್ತೆ.

ಬೇರಿನಿಂದ ಶುರು ಮಾಡೋಣ. 1881ರ ನವೆಂಬರ್‌ನಲ್ಲಿ ಪ್ಯಾರಿಸ್‌ನ ಮೋಮಾರ್ತ್‌ನಲ್ಲಿ ರೊಡಾಲ್ಫ್ ಸಾಲಿಸ್ ‘ಲ ಶಾ ನ್ವಾರ್’, ಅಂದರೆ ಕರಿಬೆಕ್ಕು, ತೆರೆದ. ಕವಿಗಳು, ಚಿತ್ರಕಾರರು, ಹಾಡುಗಾರರು ಕುಡಿಯುತ್ತಾ ತಮ್ಮದೇ ಹೊಸ ಪದ್ಯ ಓದೋ ಪುಟ್ಟ ಕೋಣೆ ಅದು. ಸಾಲಿಸ್ ತಾನೇ ನಿಂತು ಗಿರಾಕಿಗಳನ್ನು ಅತಿವಿನಯದಿಂದ ಸ್ವಾಗತಿಸಿ, ಅದೇ ಉಸಿರಲ್ಲಿ ಗೇಲಿ ಮಾಡ್ತಿದ್ದ. ನಿರೂಪಕ ಅನ್ನೋ ಪಾತ್ರ ಹುಟ್ಟಿದ್ದೇ ಅಲ್ಲಿ. ಎರಿಕ್ ಸಾಟಿ ಅಲ್ಲಿ ಪಿಯಾನೋ ನುಡಿಸಿದ್ದಾನೆ. ಆನ್ರಿ ರಿವಿಯೇರ್‌ನ ನೆರಳಾಟ ಅದರ ದೊಡ್ಡ ಆಕರ್ಷಣೆ. 1885ರಲ್ಲಿ ಕರಿಬೆಕ್ಕು ಬೇರೆ ಕಡೆಗೆ ಹೋದಾಗ ಹಳೇ ಜಾಗ ಹಿಡಿದ ಅರಿಸ್ತೀದ್ ಬ್ರುವಾಂ ಬಂದವರನ್ನು ನೇರಾನೇರ ಬೈಯ್ಯೋದನ್ನೇ ಕಸುಬು ಮಾಡ್ಕೊಂಡ. ಆ ಕಾಲದ ಹೆಸರಾಂತ ಪೋಸ್ಟರ್‌ನಲ್ಲಿ ಕಾಣೋ ಕರಿ ಕೋಟು, ಕೆಂಪು ಶಾಲಿನ ಮನುಷ್ಯ ಅವನೇ.

1889ರಲ್ಲಿ ತೆರೆದ ಮೂಲ್ಯಾ ರೂಜ್ ಬೇರೆ ಜಾತಿ. ದೊಡ್ಡ ಹಾಲು, ಕಾಲೆತ್ತುವ ಕುಣಿತ, ಟಿಕೆಟ್. ನಮ್ಮ ಸಿನಿಮಾದ ‘ಕ್ಯಾಬರೆ ಡ್ಯಾನ್ಸ್’ ಈ ಕವಲಿನ ಮೊಮ್ಮಗಳು, ಕರಿಬೆಕ್ಕಿನದಲ್ಲ.

ಜರ್ಮನಿಗೆ ಇದು ಬಂದದ್ದು 1901ರಲ್ಲಿ. ಜನವರಿಯಲ್ಲಿ ಬರ್ಲಿನ್‌ನಲ್ಲಿ ವೋಲ್ಟ್ಸೋಗನ್‌ನ ‘ಊಬರ್‌ಬ್ರೆಟ್ಲ್’, ಏಪ್ರಿಲ್‌ನಲ್ಲಿ ಮ್ಯೂನಿಕ್‌ನಲ್ಲಿ ‘ಹನ್ನೊಂದು ತಲೆಕಡುಕರು’. ಎರಡನೆಯದರಲ್ಲಿ ಫ್ರಾಂಕ್ ವೇಡೆಕಿಂಡ್ ಗಿಟಾರ್ ಹಿಡಿದು ತನ್ನದೇ ಲಾವಣಿ ಹಾಡ್ತಿದ್ದ. ಚಕ್ರವರ್ತಿಯ ಕಾಲದಲ್ಲಿ ಸೆನ್ಸಾರ್ ಬಿಗಿ. 1918ರ ನವೆಂಬರ್ ಕ್ರಾಂತಿಯಲ್ಲಿ ಅದು ರದ್ದಾಯ್ತು, ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿದ ಹಾಗಾಯ್ತು. 1920ರಲ್ಲಿ ರೋಜಾ ವಾಲೆಟ್ಟಿಯ ‘ಗ್ರೋಸನ್‌ವಾನ್’, 1921ರಲ್ಲಿ ಟ್ರೂಡೆ ಹೆಸ್ಟರ್‌ಬರ್ಗ್‌ಳ ‘ವಿಲ್ಡೆ ಬ್ಯೂನೆ’, 1924ರಲ್ಲಿ ‘ಕಬರೆಟ್ ಡೆರ್ ಕೋಮಿಕರ್’, 1929ರಲ್ಲಿ ವೆರ್ನರ್ ಫಿಂಕ್‌ನ ‘ಕಾಟಕೋಂಬೆ’, ಹೀಗೆ ಬರ್ಲಿನ್‌ನಲ್ಲಿ ಒಂದಾದ ಮೇಲೊಂದು ಕ್ಯಾಬರೆ ತೆರೆದವು. ಸಾಹಿತ್ಯಕ್ಕೆ ಟುಖೋಲ್ಸ್ಕಿ, ಮೇರಿಂಗ್, ಕೆಸ್ಟ್ನರ್. ರಾಗಕ್ಕೆ ಹೋಲೆಂಡರ್, ಸ್ಪೋಲಿಯಾನ್ಸ್ಕಿ. ನಾಟಕದ ಹಾಡಿಗೂ ಇದಕ್ಕೂ ಗೋಡೆ ಇರಲಿಲ್ಲ: 1922ರಲ್ಲಿ ನಾಟಕಕಾರ ಬ್ರೆಕ್ಟ್ ‘ವಿಲ್ಡೆ ಬ್ಯೂನೆ’ಯಲ್ಲಿ ಸತ್ತ ಸೈನಿಕನ ಲಾವಣಿ ಹಾಡಿ ಗದ್ದಲ ಎಬ್ಬಿಸಿದ, 1928ರ ಅವನ ‘ತ್ರೀ ಪೆನ್ನಿ ಒಪೆರಾ’ದಲ್ಲಿ ವಾಲೆಟ್ಟಿ, ಕ್ಯಾಬರೆ ನಟ ಕುರ್ಟ್ ಗೆರೋನ್ ಇಬ್ಬರೂ ಇದ್ದರು.

ಒಂದು ಸಂಜೆಯ ಆಕಾರ ಹೀಗೆ: ಚಿಕ್ಕ ವೇದಿಕೆ, ಒಂದು ಪಿಯಾನೋ, 4–5 ನಿಮಿಷದ ಬಿಡಿ ಬಿಡಿ ಐಟಂಗಳು, ನಡುವೆ ಸೂಟು ಹಾಕಿದ ನಿರೂಪಕ. ಹೌದು, ಸೂಟು! ಆ ಕಾಲದ ದೊಡ್ಡ ನಿರೂಪಕ ಫ್ರಿಟ್ಸ್ ಗ್ರ್ಯೂನ್‌ಬೌಮ್ ಕುಳ್ಳ, ಬೋಳುತಲೆಯವನು, ನೋಡಿದರೆ ಗುಮಾಸ್ತನ ಹಾಗೆ. ಬಿಳಿ ಮುಖ, ಕೆನ್ನೆಗೆ ಕೆಂಪು ಬಳಿದ ನಿರೂಪಕ 1966ರವನು. ನಿರ್ದೇಶಕ ಹೆರಾಲ್ಡ್ ಪ್ರಿನ್ಸ್ ಸೇನೆಯಲ್ಲಿದ್ದಾಗ, ಯುದ್ಧ ಮುಗಿದ ಮೇಲೆ, ಸ್ಟುಟ್‌ಗಾರ್ಟ್‌ನ ನೈಟ್‌ಕ್ಲಬ್‌ನಲ್ಲಿ ನೋಡಿದ ಒಬ್ಬ ನಿರೂಪಕನಿಂದ ಆ ಪಾತ್ರ ಬೆಳೀತು. ಎದೆ ತೆರೆದು ಪಟ್ಟಿ ಬಿಗಿದ ಅವತಾರ 1993ರಲ್ಲಿ ಲಂಡನ್‌ನ ಡಾನ್ಮಾರ್ ರಂಗಮಂದಿರದಲ್ಲಿ ನಿರ್ದೇಶಕ ಸ್ಯಾಮ್ ಮೆಂಡಿಸ್, ನಟ ಅಲನ್ ಕಮಿಂಗ್ ಕಟ್ಟಿದ್ದು. ಚೆನ್ನಾಗಿದೆ, ಆದರೆ ಅದು ವೈಮಾರ್ (ಹಿಟ್ಲರ್ ಬರೋ ಮುಂಚಿನ ಜರ್ಮನ್ ಗಣರಾಜ್ಯದ ಕಾಲ) ಅಲ್ಲ.

ಮ್ಯೂಸಿಕಲ್ ವಂಶಾವಳಿ ಚುಟುಕಾಗಿ: ಇಂಗ್ಲಿಷ್ ಲೇಖಕ ಇಷರ್‌ವುಡ್ 1929ರಿಂದ 33ರವರೆಗೆ ಬರ್ಲಿನ್‌ನಲ್ಲಿದ್ದು ಬರೆದ ಕಥೆಗಳು 1939ರಲ್ಲಿ ಪುಸ್ತಕವಾದವು, 1951ರಲ್ಲಿ ವಾನ್ ಡ್ರೂಟನ್ ಅವನ್ನು ನಾಟಕ ಮಾಡಿದ, 1966ರ ನವೆಂಬರ್ 20ಕ್ಕೆ ಕ್ಯಾಂಡರ್, ಎಬ್, ಮಾಸ್ಟರಾಫ್ ಅವರ ಮ್ಯೂಸಿಕಲ್ ಬಂತು, 1,165 ಪ್ರದರ್ಶನ ಕಂಡಿತು. 1972ರಲ್ಲಿ ಬಾಬ್ ಫಾಸಿಯ ಸಿನಿಮಾ. ಬಹಳ ಜನ ಗಮನಿಸದ ಒಂದು ವಿಷಯ: 1966ರಲ್ಲಿ ಮನೆಯೊಡತಿ ಶ್ನೈಡರ್ ಪಾತ್ರ ಮಾಡಿದ್ದು ಲೊಟ್ಟೆ ಲೆನ್ಯಾ, ಅಂದರೆ 1928ರ ಬ್ರೆಕ್ಟ್ ನಾಟಕದ ಜೆನ್ನಿ. ಆ ರಂಗದ ಮೇಲೆ ನಿಜವಾದ ಬರ್ಲಿನ್ ಅಂತ ಇದ್ದದ್ದು ಅವಳ ಗಂಟಲಲ್ಲಿ.

ಮ್ಯೂಸಿಕಲ್‌ನ ದೊಡ್ಡ ಸುಳ್ಳು ಯಾವುದು ಅಂದರೆ, ಬೀದಿಯಲ್ಲಿ ನಾಜಿಗಳು, ಒಳಗೆ ಕಣ್ಮುಚ್ಚಿ ಕುಣಿಯೋ ಕ್ಲಬ್ ಅನ್ನೋ ಚಿತ್ರ. ಅಂಥ ಕ್ಲಬ್‌ಗಳೂ ಇದ್ದವು. ಆದರೆ ಕಾಟಕೋಂಬೆ 1933ರ ನಂತರವೂ ಎರಡು ವರ್ಷ ಬಾಯಿ ಮುಚ್ಚಲಿಲ್ಲ. ಫಿಂಕ್‌ನ ದರ್ಜಿ ಪ್ರಹಸನ ನೋಡಿ: ಅಳತೆ ಕೊಡೋಕೆ ಬಂದ ಗಿರಾಕಿ ಬಲಗೈ ಮೇಲೆತ್ತಿ ನಿಂತಿದ್ದಾನೆ, ಥೇಟ್ ಹಿಟ್ಲರ್ ಸಲಾಮಿನ ಕೋನದಲ್ಲಿ. ಜರ್ಮನ್‌ನಲ್ಲಿ ‘ಎತ್ತಿದ ಬಲಗೈ’ ಅನ್ನೋದಕ್ಕೂ ‘ರದ್ದಾದ ಹಕ್ಕುಗಳು’ ಅನ್ನೋದಕ್ಕೂ ಒಂದೇ ಮಾತು. ಗಿರಾಕಿ ಆ ಮಾತಷ್ಟೇ ಹೇಳಿ ಸುಮ್ಮನಾಗ್ತಾನೆ. 1935ರ ಮೇ 10ಕ್ಕೆ ಕಾಟಕೋಂಬೆಗೆ ಬೀಗ, ಫಿಂಕ್ ಎಸ್ಟರ್‌ವೇಗನ್ ನಾಜಿ ಸೆರೆಶಿಬಿರಕ್ಕೆ. ಗ್ರ್ಯೂನ್‌ಬೌಮ್ 1941ರಲ್ಲಿ ಡಾಖಾವ್ ಸೆರೆಶಿಬಿರದಲ್ಲಿ ತೀರಿಕೊಂಡ. ಗೆರೋನ್‌ನನ್ನು 1944ರಲ್ಲಿ ಆಶ್ವಿಟ್ಸ್‌ನಲ್ಲಿ ಕೊಂದರು.

---

ಫುಟ್‌ಲೈಟ್

ಕನ್ನಡಿ ವಿಷಯ. 1966ರಲ್ಲಿ ರಂಗವಿನ್ಯಾಸಕ ಬೋರಿಸ್ ಆರನ್‌ಸನ್ ರಂಗದ ಮೇಲೆ ದೊಡ್ಡ ಓರೆ ಕನ್ನಡಿ ತೂಗುಹಾಕಿದ್ದು ಅಲಂಕಾರಕ್ಕಲ್ಲ. ಒಳಗೆ ಬಂದ ಪ್ರೇಕ್ಷಕರಿಗೆ ಮೊದಲು ಕಾಣಬೇಕಾದದ್ದು ಅವರ ಮುಖವೇ. 250 ಸೀಟಿನ ಹಾಲಲ್ಲಿ ಆರಾಮಾಗಿ ಮಾಡಬಹುದು.

ಗಾಜು ಬೇಡವೇ ಬೇಡ. 4 ಮಿ.ಮೀ ಗಾಜಿನ 8×4 ಅಡಿ ಹಾಳೆ ಸುಮಾರು 30 ಕೆ.ಜಿ ತೂಗುತ್ತೆ, ಒಡೆದರೆ ನಟರ ತಲೆ ಮೇಲೆ. 3 ಮಿ.ಮೀ ಅಕ್ರಿಲಿಕ್ ಕನ್ನಡಿ ಅದೇ ಅಳತೆಗೆ ಹತ್ತೂವರೆ ಕೆ.ಜಿ ಆಸುಪಾಸು. ಎರಡು ಹಾಳೆ ಅಡ್ಡಡ್ಡ ಜೋಡಿಸಿದರೆ 16 ಅಡಿ ಅಗಲ, 4 ಅಡಿ ಎತ್ತರ, ಸಾಕು. ಹಿಂದೆ 12 ಮಿ.ಮೀ ಪ್ಲೈವುಡ್ ಕೊಡಿ, ಇಲ್ಲದಿದ್ದರೆ ಹಾಳೆ ಸ್ವಲ್ಪ ಬಾಗಿ ಮುಖಗಳು ಜಾತ್ರೆ ಕನ್ನಡಿಯ ಹಾಗೆ ಕಾಣ್ತವೆ. (ಅದೇ ಬೇಕು ಅಂದರೆ ಬೇರೆ ಮಾತು. ಕೆಲವು ನಿರ್ದೇಶಕರಿಗೆ ಬೇಕಾಗುತ್ತೆ.) ಪ್ಲೈವುಡ್ ಸೇರಿದ ಮೇಲೆ ತೂಕ ಎರಡರಷ್ಟಕ್ಕೂ ಮಿಕ್ಕುತ್ತೆ, ಹಾಗಾಗಿ ಹಾಲಿನ ಪೈಪ್ ಎಷ್ಟು ಹೊರುತ್ತೆ ಅಂತ ಮೊದಲೇ ಕೇಳಿ. ತೂಗುವ ತಂತಿಯ ಜೊತೆಗೆ ಎರಡೂ ತುದಿಯಲ್ಲಿ ಬೇರೆ ಸೇಫ್ಟಿ ತಂತಿ ಕಡ್ಡಾಯ. ಮೈಲಾರ್ (ಕನ್ನಡಿಯಂತೆ ಹೊಳೆಯೋ ತೆಳು ಪ್ಲಾಸ್ಟಿಕ್) ಹಾಳೆ ಇನ್ನೂ ಅಗ್ಗ, ಆದರೆ ಫ್ಯಾನ್ ಗಾಳಿಗೆ ಅಲುಗಿ ಬಿಂಬ ಕಲಕಿಹೋಗುತ್ತೆ.

ಓರೆ ಎಷ್ಟು? ಕನ್ನಡಿಯ ನಡುಭಾಗ ಕೂತವರ ಕಣ್ಣಿಗಿಂತ 3 ಮೀಟರ್ ಮೇಲಿದೆ, ಮೊದಲ ಸಾಲು ಕನ್ನಡಿಯಿಂದ 8 ಮೀಟರ್, ಕೊನೆ ಸಾಲು 18 ಮೀಟರ್ ಅಂತ ಇಟ್ಟುಕೊಳ್ಳಿ. ಮೇಲಂಚನ್ನು ಪ್ರೇಕ್ಷಕರ ಕಡೆಗೆ 15 ಡಿಗ್ರಿ ಬಾಗಿಸಿದರೆ ಮೊದಲ ಸಾಲಿನವರಿಗೆ ಕೊನೆ ಸಾಲು, ಕೊನೆಯವರಿಗೆ ಮೊದಲ ಸಾಲು, ನಡುವಿನವರಿಗೆ ಹೆಚ್ಚುಕಡಿಮೆ ತಮ್ಮದೇ ಸಾಲು ಕಾಣುತ್ತೆ. 4 ಅಡಿ ಎತ್ತರದ ಹಾಳೆಗೆ 15 ಡಿಗ್ರಿ ಅಂದರೆ ಮೇಲಂಚು ಕೆಳಗಿನದಕ್ಕಿಂತ ಸುಮಾರು 32 ಸೆಂ.ಮೀ ಮುಂದೆ ಬರಬೇಕು. ಕೋನಮಾಪಕ ಬೇಕಿಲ್ಲ, ಮೇಲಿಂದ ತೂಗುಗುಂಡು ಬಿಟ್ಟು ಅಳೆಯಿರಿ. ನೆಟ್ಟಗೆ ಹಾಕಿದರೆ ಎಲ್ಲರಿಗೂ ಬರೀ ಸೂರು. 25 ಡಿಗ್ರಿ ದಾಟಿದರೆ ರಂಗದ ನೆಲ.

ಬೆಳಕಿಗೆ: ಎಲ್ಲರೂ ಮಾಡೋ ತಪ್ಪು ಇಡೀ ರಂಗಕ್ಕೆ ಕೆಂಪು ಸುರಿಯೋದು. ಕೆಂಪಿನಲ್ಲಿ ಲಿಪ್‌ಸ್ಟಿಕ್ ಮಾಯ, ಮುಖ ಚಪ್ಪಟೆ. ಹಳದಿ ಛಾಯೆಯ ಬೆಚ್ಚನೆ ಬಿಳಿ, ಕೆಳಗಿನಿಂದ 6–8 ಫುಟ್‌ಲೈಟ್, ನಟರ ಹಿಂದೆಯೇ ತಿರುಗಿಸೋ ಒಂದು ಫಾಲೋ ಸ್ಪಾಟ್, ಅಷ್ಟೇ. ಕೆಳಗಿನ ಬೆಳಕು ಹುಬ್ಬಿನ ನೆರಳನ್ನು ಹಣೆಗೆ ಎಸೆಯುತ್ತೆ; ಬಿಳಿ ಬಳಿಯದೆಯೇ ಮುಖ ವಿಕಾರ ಕಾಣೋದು ಇದರಿಂದಲೇ. ಫುಟ್‌ಲೈಟ್‌ಗೆ ಹಿಂಬದಿ ಮರೆ ಸಾಲದು, ಮೇಲೂ ತಗಡಿನ ಮೂತಿ ಕಟ್ಟಿ. ಇಲ್ಲದಿದ್ದರೆ ಬೆಳಕು ಈ ಓರೆ ಕನ್ನಡಿಗೆ ಬಡಿದು ಹಾಲಿನ ಹಿಂದಿನ ಗೋಡೆಗೆ, ಬಾಲ್ಕನಿ ಇದ್ದರೆ ಅಲ್ಲಿ ಕೂತವರ ಕಣ್ಣಿಗೆ ಹೋಗುತ್ತೆ.

---

ಕರಡುಪ್ರತಿ

ಹಕ್ಕಿನ ಬಗ್ಗೆ, ಏಕೆಂದರೆ ಇಲ್ಲೇ ತಂಡಗಳು ಸಿಕ್ಕಿಹಾಕಿಕೊಳ್ಳುವುದು.

ಭಾರತದಲ್ಲಿ ಲೇಖಕ ತೀರಿಕೊಂಡ ವರ್ಷದ ಮುಂದಿನ ಜನವರಿಯಿಂದ 60 ವರ್ಷ ಹಕ್ಕು ಇರುತ್ತದೆ. ಹಾಡಿಗೆ ಸಾಹಿತ್ಯ ಬೇರೆ, ರಾಗ ಬೇರೆ. ಎರಡನ್ನೂ ಬೇರೆ ಬೇರೆ ನೋಡಬೇಕು. ನಿಮ್ಮ ಕೆಲಸಕ್ಕೆ ಬರುವ ಹೆಸರುಗಳು:

ಮುಕ್ತವಾದವರು: ವೇಡೆಕಿಂಡ್ (1918), ಬ್ರುವಾಂ ಮತ್ತು ಸಾಟಿ (ಇಬ್ಬರೂ 1925), ಕ್ಲಾಬುಂಡ್ (1928), ರಿಂಗೆಲ್‌ನಾಟ್ಸ್ (1934), ಟುಖೋಲ್ಸ್ಕಿ (1935).
ಇನ್ನೂ ಹಕ್ಕಿನಲ್ಲಿರುವವರು: ಕೆಸ್ಟ್ನರ್ 2034ರ ಕೊನೆಯವರೆಗೆ, ಹೋಲೆಂಡರ್ 2036, ಫಿಂಕ್ 2038, ಮೇರಿಂಗ್ 2041, ಸ್ಪೋಲಿಯಾನ್ಸ್ಕಿ 2045, ಇಷರ್‌ವುಡ್ 2046.

ಹಾಗಾಗಿ ಟುಖೋಲ್ಸ್ಕಿಯ ಪದ್ಯಕ್ಕೆ ಹೋಲೆಂಡರ್‌ನ ರಾಗ ಇದ್ದರೆ ಪದ್ಯ ತೆಗೆದುಕೊಳ್ಳಿ, ರಾಗ ನಿಮ್ಮದೇ ಹಾಕಿ. ಅನುವಾದ ಮಾಡುವಾಗ ಜರ್ಮನ್ ಮೂಲದಿಂದಲೇ ಮಾಡಿ. ಇತ್ತೀಚಿನ ಇಂಗ್ಲಿಷ್ ಅನುವಾದದಿಂದ ಮಾಡಿದರೆ ಆ ಅನುವಾದಕರ ಅನುಮತಿ ಬೇಕಾಗುತ್ತದೆ, ಮೂಲ ಎಷ್ಟೇ ಹಳೆಯದಿರಲಿ. ಫಿಂಕ್‌ನ ದರ್ಜಿ ಪ್ರಹಸನದ ಮಾತುಗಳನ್ನು ಹಾಗೇ ಇಳಿಸಬೇಡಿ. ಒಳಗಿನ ಉಪಾಯಕ್ಕೆ ಯಾರ ಹಕ್ಕೂ ಇಲ್ಲ, ನಿಮ್ಮದೇ ಮಾತಿನಲ್ಲಿ ಹೊಸದು ಕಟ್ಟಿ.

‘ಕ್ಯಾಬರೆ’ ಮ್ಯೂಸಿಕಲ್‌ನ ಒಂದು ಹಾಡನ್ನೂ ಮುಟ್ಟಬೇಡಿ. ಅದರ ಪ್ರದರ್ಶನದ ಹಕ್ಕು ಕಾಂಕಾರ್ಡ್ ಥಿಯೇಟ್ರಿಕಲ್ಸ್ ಎಂಬ ಸಂಸ್ಥೆಯ ಮೂಲಕ ಸಿಗುತ್ತದೆ, ಕನ್ನಡದಲ್ಲಿ ಮಾಡಲು ಅನುವಾದಕ್ಕೆ ಪ್ರತ್ಯೇಕ ಒಪ್ಪಿಗೆ ಬೇಕು. ಅದರಲ್ಲಿ ನಾಡಗೀತೆಯಂತೆ ಕೇಳಿಸುವ ‘ಟುಮಾರೋ ಬಿಲಾಂಗ್ಸ್ ಟು ಮಿ’ ಎಂಬ ನಾಜಿ ಹಾಡು ನಿಜವಾದ ಹಳೆಯ ಜರ್ಮನ್ ಗೀತೆ ಎಂದು ನಂಬಿ ‘ಜನಪದ’ ಎಂದು ಬಳಸುವವರಿದ್ದಾರೆ. ಅಲ್ಲ. 1966ರ ಮ್ಯೂಸಿಕಲ್‌ಗೆಂದೇ ಕ್ಯಾಂಡರ್ ಮತ್ತು ಎಬ್ ಎಂಬ ಇಬ್ಬರು ಯಹೂದಿಗಳು ಬರೆದದ್ದು.

ಇನ್ನೊಂದು. ಬೆಂಗಳೂರಿನಲ್ಲಿ ‘ನಿಜವಾದ ಕ್ಯಾಬರೆ ವಾತಾವರಣ’ ಬೇಕೆಂದು ಪಬ್ ಅಥವಾ ರೆಸ್ಟೋರೆಂಟ್‌ನಲ್ಲಿ ಮಾಡುವ ಯೋಚನೆ ಇದ್ದರೆ ಎಚ್ಚರ. ನಗರದ 2005ರ ಸಾರ್ವಜನಿಕ ಮನರಂಜನಾ ಸ್ಥಳಗಳ ಪರವಾನಗಿ ಆದೇಶ ಲೈವ್ ಬ್ಯಾಂಡ್, ಡಿಸ್ಕೋಥೆಕ್ ಜೊತೆ ಕ್ಯಾಬರೆಯನ್ನೂ ಹೆಸರಿಸುತ್ತದೆ, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಪರವಾನಗಿ ಕೊಡುವುದು ಪೊಲೀಸ್ ಆಯುಕ್ತರು. ಜಾಗದವರ ಬಳಿ ಅದು ಇದೆಯೇ ಎಂದು ಮುಂಗಡ ಕೊಡುವ ಮುಂಚೆ ನೋಡಿ.

---

ಕೊನೆಸಾಲು

ತುಂಬಾ ಧನ್ಯವಾದ. 1931 ಅಂತ ತೀರ್ಮಾನ ಆಯ್ತು, ನಿರೂಪಕನಿಗೆ ಸೂಟು. ಎರಡು ಉಳಿದಿವೆ. ಟುಖೋಲ್ಸ್ಕಿ ಕಾಲದ ಹಾಡಿನ ಕಟ್ಟು ಕನ್ನಡದಲ್ಲಿ ಕೂರಿಸೋದು ಹೇಗೆ? ಅಕ್ಷರಶಃ ಮಾಡಿದರೆ ನಗು ಬರ್ತಿಲ್ಲ. ಮತ್ತೆ ನಮ್ಮ ಗಾಯಕಿ ಶಾಸ್ತ್ರೀಯ ಕಲಿತವರು, ಅದು ಅನುಕೂಲವೋ ತೊಂದರೆಯೋ?

---

ತಾಳತಪ್ಪಿದವ

ಗಾಯಕಿ ವಿಷಯ ಮೊದಲು: ತೊಂದರೆ, ಆದರೆ ಸರಿಮಾಡಬಹುದಾದದ್ದು. ಆ ಕಾಲದ ಕ್ಯಾಬರೆ ಹಾಡುಗಾರ್ತಿಗೆ ಫ್ರೆಂಚ್‌ನಲ್ಲಿ ‘ಡಿಸ್ಯೂಸ್’ ಅಂತಿದ್ದರು, ‘ಹೇಳುವವಳು’ ಅಂತ. ಹಾಡೋದಕ್ಕಿಂತ ಹೇಳೋದು ಮುಖ್ಯ. ಗಮಕದ ಹಾಗೆ ಎಳೆಯಬಾರದು, ಸ್ವರ ಅಲುಗಿಸಬಾರದು. ಮೊದಲ ವಾರ ರಾಗ ಪೂರ್ತಿ ಬಿಟ್ಟು ತಾಳದ ಮೇಲೆ ಬರೀ ಮಾತಾಡಿಸಿ. ಎರಡನೇ ವಾರ ಸಾಲಿನ ಕೊನೇ ಪದಕ್ಕೆ ಮಾತ್ರ ಸ್ವರ ಕೊಡಿ. ಆಮೇಲೆ ಪಲ್ಲವಿ ಪೂರ್ತಿ ಹಾಡಲಿ, ಚರಣ ಮಾತಿಗೆ ಹತ್ತಿರವೇ ಇರಲಿ. ಶ್ರುತಿ ಅವರು ದಿನಾ ಹಾಡೋದಕ್ಕಿಂತ ಎರಡು ಮನೆ ಇಳಿಸಿ. ಮೇಲಿನ ಸ್ವರಕ್ಕೆ ಹೋದರೆ ಅಭ್ಯಾಸಬಲದಿಂದ ಗಾಯನ ಶುರುವಾಗಿಬಿಡುತ್ತೆ. ಇಷರ್‌ವುಡ್ ಬರೆದ ಸ್ಯಾಲಿ ಬೋಲ್ಸ್ (ಮ್ಯೂಸಿಕಲ್‌ನ ನಾಯಕಿ) ಕೂಡ ಅಂಥಾ ಹಾಡುಗಾರ್ತಿ ಏನಲ್ಲ. ಸಿನಿಮಾದಲ್ಲಿ ಲೈಝಾ ಮಿನೆಲ್ಲಿ ಅದ್ಭುತವಾಗಿ ಹಾಡಿದ್ದಕ್ಕೇ ‘ಇಷ್ಟು ಚೆನ್ನಾಗಿ ಹಾಡೋಳು ಆ ಕೊಳಕು ಕ್ಲಬ್‌ನಲ್ಲಿ ಯಾಕಿದ್ದಾಳೆ’ ಅನ್ನೋ ಪ್ರಶ್ನೆ ಹುಟ್ಟಿದ್ದು.

ನಾಲ್ಕು ವಾದ್ಯ ಅಂದರೆ ಪಿಯಾನೋ, ಕ್ಲಾರಿನೆಟ್, ಬ್ಯಾಂಜೋ ಅಥವಾ ಗಿಟಾರ್, ಡ್ರಮ್ಸ್. ಡ್ರಮ್ಸ್‌ಗೆ ಬ್ರಷ್ ಬಳಸಿ, ಕೋಲು ಬೇಡ. ಕೀಬೋರ್ಡ್‌ನ ‘ಗ್ರ್ಯಾಂಡ್ ಪಿಯಾನೋ’ ದನಿ ತೀರಾ ಶ್ರೀಮಂತ, ‘ಅಪ್‌ರೈಟ್’ ಆರಿಸಿ, ಪೆಡಲ್ ಮುಟ್ಟಬೇಡಿ.

ಈಗ ಕಟ್ಟು. ಕೂಪ್ಲೆ ಅನ್ನೋ ಪ್ರಕಾರದ, ಅಂದರೆ ಕ್ಯಾಬರೆಯ ಚರಣ-ಪಲ್ಲವಿಯ ಗೇಲಿಹಾಡಿನ, ಜೀವ ಇರೋದು ಪಲ್ಲವಿಯಲ್ಲಿ. ಪಲ್ಲವಿಯ ಪದ ಒಂದೂ ಬದಲಾಗೋದಿಲ್ಲ, ಪ್ರತಿ ಚರಣದ ನಂತರ ಅರ್ಥ ಮಾತ್ರ ಬದಲಾಗುತ್ತೆ. ಮೂಲದ ಪದ ಬಿಡಿ, ಈ ಯಂತ್ರ ಹಿಡೀರಿ. ಉದಾಹರಣೆಗೆ ‘ನಮ್ಮ ಬೀದೀಲಿ ಎಲ್ಲಾ ಕ್ಷೇಮ’ ಅಂತ ಪಲ್ಲವಿ ಇಟ್ಟುಕೊಳ್ಳಿ. ಮೊದಲ ಚರಣದಲ್ಲಿ ಹಾಲಿನವನು, ಬಾಡಿಗೆ, ಜಗಳಗಂಟಿ ಅತ್ತೆ. ಕ್ಷೇಮ ಅಂದರೆ ನಗು. ಎರಡನೆಯದರಲ್ಲಿ ಎದುರುಮನೆ ಕಿಟಕಿ ಒಡೆದಿದೆ, ಗಾಜು ಗುಡಿಸಿ ಆಗಿದೆ, ಕ್ಷೇಮ. ಮೂರನೆಯದರಲ್ಲಿ ಎದುರುಮನೆಗೆ ಹೊಸ ಬಾಡಿಗೆದಾರರು ಬಂದಿದ್ದಾರೆ, ಹಳಬರು ಎಲ್ಲಿ ಅಂತ ಯಾರೂ ಕೇಳಲ್ಲ, ಕ್ಷೇಮ. ಗಾಯಕಿ ಮೂರು ಸಲವೂ ಒಂದೇ ನಗುಮುಖದಲ್ಲಿ ಹಾಡಬೇಕು. ಮೂರನೇ ಸಲ ದನಿ ಗದ್ಗದ ಮಾಡಿದರೆ ಎಲ್ಲಾ ಕೆಟ್ಟಿತು, ಪ್ರೇಕ್ಷಕರು ಪಡಬೇಕಾದ ದುಃಖ ಅವಳೇ ಪಟ್ಟುಬಿಡ್ತಾಳೆ.

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರೋದು ಇಲ್ಲಿ ವರ. ‘ಇಲ್ಲ’ ಅನ್ನೋದನ್ನು ಸಾಲಿನ ತುದೀಲಿಟ್ಟು ಇಡೀ ಸಾಲನ್ನು ತಲೆಕೆಳಗು ಮಾಡಬಹುದು.

ಫಿಂಕ್‌ನ ಶ್ಲೇಷೆಗೂ ನಮ್ಮಲ್ಲಿ ಹತ್ತಿರದ ಸಮ ಇದೆ: ‘ಕೈ ಎತ್ತೋದು’. ಸಲಾಮಿಗೂ ಕೈ ಎತ್ತುತ್ತಾರೆ, ‘ನನ್ನಿಂದಾಗಲ್ಲ’ ಅಂತಲೂ ಕೈ ಎತ್ತುತ್ತಾರೆ. ದರ್ಜಿ ಬೇಡ, ಬೇರೆ ಸನ್ನಿವೇಶ ತಗೊಳ್ಳಿ, ಬಸ್ಸಲ್ಲಿ ಮೇಲಿನ ಕಂಬಿ ಹಿಡಿದ ಪ್ರಯಾಣಿಕ ಅನ್ನಿ. ‘ಯಾಕೆ ಸ್ವಾಮಿ, ಇನ್ನೂ ಕೈ ಎತ್ಕೊಂಡೇ ಇದ್ದೀರಲ್ಲ?’ ‘ಎಲ್ಲರೂ ಎತ್ತಿಬಿಟ್ಟಿದ್ದಾರಲ್ಲ!’ ಅಷ್ಟಕ್ಕೇ ನಿಲ್ಲಿಸಿ. ವಿವರಿಸಿದರೆ ಸತ್ತಿತು.

---

ಹಳೇಪರದೆ

ತಾಳತಪ್ಪಿದವರು ಹೇಳಿದ ‘ಅಷ್ಟಕ್ಕೇ ನಿಲ್ಲಿಸಿ’ ಅನ್ನೋದಕ್ಕೆ ಮ್ಯೂಸಿಕಲ್‌ನಲ್ಲೇ ಪಾಠ ಇದೆ. ನಿರೂಪಕ ಗೊರಿಲ್ಲಾ ಜೊತೆ ಕುಣಿಯೋ ಹಾಡಿನ ಉದ್ದಕ್ಕೂ ಜನ ನಗ್ತಾರೆ, ಕೊನೇ ಸಾಲಲ್ಲಿ ಅದು ಯಹೂದಿ ದ್ವೇಷದ ಹಾಸ್ಯ ಅಂತ ಗೊತ್ತಾಗಿ, ನಕ್ಕಿದ್ದಕ್ಕೆ ನಾಚಿಕೆ ಆಗುತ್ತೆ. 1966ರಲ್ಲಿ ಆಕ್ಷೇಪ ಬಂದು ಆ ಸಾಲನ್ನು ಮೆದು ಮಾಡಿದರು, 1972ರ ಸಿನಿಮಾದಲ್ಲಿ ಮೂಲ ಸಾಲು ವಾಪಸ್ ಬಂತು. ಇಂಥ ಜಾಗದಲ್ಲಿ ಕೊನೇ ಸಾಲಿಗೆ ಮುಂಚೆ ನಿಲುಗಡೆ ಬೇಡ, ಬೆಳಕು ಬದಲಾಯಿಸಬೇಡಿ. ನಿಲುಗಡೆ ಏನಿದ್ದರೂ ಸಾಲಿನ ನಂತರ, ಎರಡು ಎಣಿಕೆ.

ನಾಜಿ ಚಿಹ್ನೆ ಬಗ್ಗೆಯೂ ಒಂದು ಮಾತು. ತೋಳುಪಟ್ಟಿ ಬಳಸೋದಾದರೆ ಕೆಂಪು ನೆಲ, ಬಿಳಿ ವೃತ್ತ, 45 ಡಿಗ್ರಿ ತಿರುಗಿದ ಕರಿ ಕೊಕ್ಕೆ ಶಿಲುಬೆ, ಮೂರೂ ಇರಬೇಕು. ನೆಟ್ಟಗೆ ಬರೆದರೆ ನಮ್ಮ ಪ್ರೇಕ್ಷಕರಿಗೆ ಅದು ಹೊಸ್ತಿಲ ಮೇಲಿನ ಸ್ವಸ್ತಿಕ. ಮತ್ತೆ ಅದನ್ನು ಒಂದೇ ಒಂದು ಸಲ ತೋರಿಸಿ. ಮ್ಯೂಸಿಕಲ್‌ನಲ್ಲೂ ಅದು ಕೆಲಸ ಮಾಡೋದು ನಿಶ್ಚಿತಾರ್ಥದ ಸಂತೋಷಕೂಟದ ನಡುವೆ, ಎಲ್ಲರಿಗೂ ಬೇಕಾದ ಒಬ್ಬ ಸ್ನೇಹಿತನ ತೋಳಲ್ಲಿ ಕಾಣಿಸಿಕೊಂಡಾಗ.

---

ಫುಟ್‌ಲೈಟ್

ಕನ್ನಡಿ ವಿಷಯದಲ್ಲಿ ಮುಖ್ಯವಾದದ್ದನ್ನೇ ಬಿಟ್ಟಿದ್ದೆ. ಕನ್ನಡಿ ಎಷ್ಟೇ ಸರಿಯಾಗಿ ತೂಗುಹಾಕಿದರೂ ಹಾಲ್ ಕತ್ತಲಿದ್ದರೆ ಅದರಲ್ಲಿ ಕಾಣೋದು ಕರಿ ಹಲಗೆ ಮಾತ್ರ. ಜನ ಒಳಗೆ ಬರುವಾಗ ಹಾಲ್ ಲೈಟು ಪೂರ್ತಿ ಇರಲಿ. ಪ್ರಯೋಗ ಶುರುವಾದ ಮೇಲೆ 10–15 ಪರ್ಸೆಂಟ್‌ಗೆ ಇಳಿಸಿ, ಪೂರ್ತಿ ಆರಿಸಬೇಡಿ. ಡಿಮ್ಮರ್ ಇಲ್ಲದ ಹಾಲಾದರೆ ಎರಡು ಗೋಡೆಗೂ ಎರಡೆರಡು ಪಾರ್ ಲೈಟ್ (ಡಬ್ಬಿಯಾಕಾರದ ರಂಗದೀಪ) ಪ್ರೇಕ್ಷಕರ ಕಡೆ ತಿರುಗಿಸಿ ನಿಮ್ಮ ಬೋರ್ಡಿಗೇ ಜೋಡಿಸಿ. ಕೊನೇ ಐಟಂ ಮುಗಿದ ಮೇಲೆ ರಂಗದ ಬೆಳಕು ಆರಲಿ, ಹಾಲ್ ಲೈಟು ಅಥವಾ ಈ ನಾಲ್ಕು ಮಾತ್ರ 8 ಸೆಕೆಂಡಲ್ಲಿ ನಿಧಾನಕ್ಕೆ 60 ಪರ್ಸೆಂಟ್‌ಗೆ ಏರಲಿ. ಆ ಹೊತ್ತಿಗೆ ನಟರು ಯಾರೂ ಕನ್ನಡಿಯ ಕೆಳಗೆ ನಿಂತಿರಬಾರದು. ಮೊಬೈಲ್ ತೆಗೆಯೋರು ಇರ್ತಾರೆ, ಅವರೂ ಕನ್ನಡೀಲಿ ಕಾಣ್ತಾರೆ. ಅದು ಇರಲಿ ಬಿಡಿ.